ನೆರಳೂರಿನ ಕಸಬರಿಗೆ

ತಟ್ಟಿದ ರೊಟ್ಟಿಯನ್ನು ಹಂಚಿಗೆ ಹಾಕಿ ಅದರ ಮೇಲೆ ನೀರು ಸವರುವಾಗ ಕೈ ಬಲು ಹಗುರ ಇರಬೇಕು. ಗದಗದಲ್ಲಿ ಸವರಿದ ಹಾಗೆ ಒದ್ದೆ ಬಟ್ಟೆಯನ್ನು ಸರ್ರನೆ ಎಳೆದರೆ, ನೆರಳೂರಿನಲ್ಲಿ ನೀರು ರೊಟ್ಟಿಯ ಮೇಲೆ ನಿಲ್ಲುವುದಿಲ್ಲ. ಮುತ್ತುಮುತ್ತಾಗಿ ಎದ್ದು, ಅವಸರವೇ ಇಲ್ಲದಂತೆ ಹಾರಿ, ಗೋಡೆಗೋ ಸೆರಗಿಗೋ ಹೋಗಿ ಅಂಟುತ್ತದೆ. ಚಂದ್ರನ ಮೇಲೆ ಯಾವುದಕ್ಕೂ ತೂಕ ಸಾಲದು. ಶಂಕ್ರವ್ವ ಬಂದ ಹೊಸದರಲ್ಲಿ ಈ ವಿದ್ಯೆ ಕಲಿಯಲಿಕ್ಕೆ ಎಷ್ಟು ರೊಟ್ಟಿ ಕೆಡಿಸಿದಳೋ. ಈಗ ಮಾತ್ರ ಕಣ್ಣು ಮುಚ್ಚಿ ಸವರುತ್ತಾಳೆ.

ಅರ್ಧ ಸವರಿರುವಾಗ ಗೋಡೆಯ ದನಿಪೆಟ್ಟಿಗೆ ನಿನ್ನೆಯ ಮಾತನ್ನೇ ಮತ್ತೆ ಆಡಿತು.

"ಬರುವ ಶುಕ್ರವಾರ ಮಧ್ಯಾಹ್ನ ಊರಿನ ಕಣಜ ಗುಡಿಸಲಾಗುವುದು. ಗುಡಿಸುವಷ್ಟು ಹೊತ್ತು ಎಲ್ಲವೂ ನಿಲ್ಲುತ್ತದೆ. ಉಳಿಯಬೇಕಾದುದನ್ನು ಮನೆಯವರು ಹೆಸರು ಹಿಡಿದು ಕರೆಯಬೇಕು."

"ಆತು, ಆತು," ಎಂದು ಶಂಕ್ರವ್ವ ರೊಟ್ಟಿ ತಿರುವಿದಳು.

ನೆರಳೂರು ಇರುವುದು ಚಂದ್ರನ ಒಂದು ತಗ್ಗಿನಲ್ಲಿ. ಅಲ್ಲಿಗೆ ಬಿಸಿಲೇ ಇಳಿಯದು, ಅದಕ್ಕೇ ಆ ಹೆಸರು. ಊರಿನ ಅಡಿಯಲ್ಲಿ, ಹೆಪ್ಪುಗಟ್ಟಿದ ಮಣ್ಣಿನಲ್ಲಿ ಕಣಜವಿದೆ. ಜೋಳದ ಕಣಜವಲ್ಲ, ನೆನಪಿನದು. ಯಾವ ಸಸಿ ಎಷ್ಟು ನೀರು ಕುಡಿಯಿತು, ಗಾಳಿಯ ಯಂತ್ರ ಯಾವಾಗ ಕೆಮ್ಮಿತು, ಯಾರ ಮಗು ಮೊದಲು ಏನೆಂದಿತು, ಸತ್ತವರು ಬದುಕಿದ್ದಾಗ ಆಡಿದ ಮಾತು, ಎಲ್ಲವೂ ಅದರೊಳಗೇ. ಊರು ಬೆಳೆಯಿತು, ಕಣಜ ಬೆಳೆಯಲಿಲ್ಲ. ಭೂಮಿಯಿಂದ ಬರುವ ಹಡಗಿನಲ್ಲಿ ಬೀಜ, ಔಷಧಿಗೇ ಜಾಗ ಸಾಲದಿರುವಾಗ ನೆನಪು ತುಂಬಿಡುವ ಹೊಸ ತಟ್ಟೆಗಳನ್ನು ತರುವವರು ಯಾರು? ಹಾಗಾಗಿ ಆಗಾಗ ಗುಡಿಸಬೇಕು. ಗುಡಿಸುವ ಯಂತ್ರಕ್ಕೆ ದೊಡ್ಡ ಹೆಸರೊಂದಿತ್ತು, ಜನ ಕಸಬರಿಗೆ ಎಂದೇ ಕರೆದರು.

ಪಕ್ಕದ ಮನೆಯ ಹುಲಿಗೆವ್ವ ಒಳಗೆ ಬಂದಳು.

"ಏನ ಶಂಕ್ರವ್ವ, ಒಬ್ಬಾಕಿಗೆ ಇಷ್ಟು ರೊಟ್ಟಿ? ಬೀಗರು ಬರೋರು ಅದಾರೇನು?"

"ನೀ ಬರ್ತಿ ಅಂತ ಗೊತ್ತಿತ್ತು. ವಾಸನಿ ಹಿಡದು ಬರಾಕಿ."

"ಬರಲಿ ಬಿಡ, ನಮ್ಮ ಮನ್ಯಾಗ ಒಲಿ ಹಚ್ಚಾಕ ಯಾರಿಗೆ ಪುರಸೊತ್ತೈತಿ? ನಿನ್ನೆಯಿಂದ ಹೆಸರ ಕರಿಯೂದ ನಡದೈತಿ. ನಮ್ಮತ್ತಿ ಆತು, ಮಾವ ಆತು, ಸತ್ತ ಬೆಕ್ಕೂ ಆತು. ನಮ್ಮ ಮನಿಯವ, ತನ್ನ ಸಾಲಿ ಮಾಸ್ತರ ಬೈದದ್ದೂ ಉಳೀಬೇಕು ಅಂತಾನ." ಹುಲಿಗೆವ್ವ ರೊಟ್ಟಿ ಮುರಿದು ಬಾಯಿಗಿಟ್ಟಳು. "ನೀ ಮೇಸ್ತ್ರಿನ್ನ ಕರದಿ ಹೌದಲ್ಲೊ?"

"ದಿನಾ ಕರೀತೀನಲ್ಲ."

ಅದು ಸುಳ್ಳಲ್ಲ. ಹಿಟ್ಟು ಮುಗಿದರೆ, "ಏನ್ರೀ, ಹಿಟ್ಟು ಮುಗೀತು ನೋಡ್ರಿ," ಎನ್ನುತ್ತಿದ್ದಳು. ಮಂಡಿ ನೋಯುವಾಗ, "ಕೇಳಿದ್ರೇನ್ರೀ, ಇವತ್ತೂ ಬಿಡವಲ್ದು." ಉತ್ತರ ಬರುತ್ತಿರಲಿಲ್ಲ, ಬರಲೆಂದು ಅವಳು ಕೇಳುತ್ತಲೂ ಇರಲಿಲ್ಲ. ಅವಳ ಗಂಡ ನೆರಳೂರಿನ ಸುರಂಗಗಳ ಗೋಡೆ ಕಟ್ಟಿದವರು. ಊರಿಗೆ ಊರೇ ಅವರನ್ನು ಮೇಸ್ತ್ರಿ ಎನ್ನುತ್ತಿತ್ತು. ಒಂದು ಸುರಂಗದ ಸೂರು ಕುಸಿದು ಹೋದರು. ಹೋಗಿ ವರ್ಷಗಳಾದವು. ಅವರ ದನಿ ಕಣಜದಲ್ಲಿದೆ ಎಂದು ಅವಳಿಗೆ ಗೊತ್ತು. ಒಂದು ಸಲವೂ ಹಾಕಿಸಿ ಕೇಳಿರಲಿಲ್ಲ. ಇದೆಯಲ್ಲ, ಸಾಕು. ಭರಣಿಯ ಉಪ್ಪಿನಕಾಯಿಯನ್ನು ಮುಚ್ಚಳ ತೆಗೆಯದೆ ಇಟ್ಟುಕೊಳ್ಳುವವರು ಇರುತ್ತಾರಲ್ಲ, ಹಾಗೆ.

ಕಣಜದ ಕೋಣೆಯಲ್ಲಿ ಅದೇ ಹೊತ್ತಿಗೆ ಕಸಬರಿಗೆಯ ಉಸ್ತುವಾರಿಯ ರೆಹಾನಾ ತಾಲೀಮು ನಡೆಸಿದ್ದಳು. ತಾಲೀಮೆಂದರೆ ಕಸಬರಿಗೆ ಊರೆಲ್ಲ ಸುತ್ತುತ್ತದೆ, ಆದರೆ ಏನನ್ನೂ ಅಳಿಸುವುದಿಲ್ಲ. ಅವಳೆದುರಿನ ದೊಡ್ಡ ಪರದೆಯಲ್ಲಿ ನೆರಳೂರಿನ ಪ್ರತಿಯೊಬ್ಬ ಜೀವಂತ ಮನುಷ್ಯನೂ ಒಂದು ಬೇರು. ಆ ಬೇರಿನಿಂದ ದಾರಗಳು ಹೊರಡುತ್ತವೆ. ಇವಳು ತಾಯಿಯ ಹೆಸರು ಹೇಳಿದಳು, ಅಲ್ಲಿಗೊಂದು ದಾರ. ತಾಯಿ ಹಾಡಿದ ಹಾಡಿಗೆ ಅಲ್ಲಿಂದ ಇನ್ನೊಂದು. ಹಾಡು ಕೇಳಿದ ತೊಟ್ಟಿಲಿಗೆ ಮತ್ತೊಂದು. ದಾರ ಮುಟ್ಟಿದ್ದೆಲ್ಲ ಹಳದಿಯಾಗಿ ಬೆಳಗುತ್ತದೆ, ಉಳಿಯುತ್ತದೆ. ಯಾವ ಬೇರಿನಿಂದಲೂ ದಾರ ಮುಟ್ಟದ್ದು ಕಪ್ಪಾಗಿಯೇ ಇರುತ್ತದೆ, ಹೋಗುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ರೆಹಾನಾ ತನ್ನತ್ತ ಬರುವ ದಾರ ಎಷ್ಟಿವೆ ಎಂದು ನೋಡಿಕೊಂಡಿದ್ದಳು. ಆಮೇಲೆ ನೋಡುವುದನ್ನು ಬಿಟ್ಟಳು.

"ಸಾರ್, ಇದೊಂದು ನೋಡಿ."

ಅವಳ ಮೇಲಧಿಕಾರಿ ವಾದಿರಾಜ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಪರದೆಯ ಮೂಲೆಯಲ್ಲಿ ಕಪ್ಪು ಗಡ್ಡೆಗಳೆರಡು. ಒಂದು ಮನುಷ್ಯನ ದನಿ, ಬಹಳ ದೊಡ್ಡದು. ಇನ್ನೊಂದು ಯಾವುದೋ ಅಗೆಯುವ ಯಂತ್ರದ ದಿನಚರಿ. ದನಿ ಯಂತ್ರವನ್ನು ಹಿಡಿದಿತ್ತು, ಯಂತ್ರ ದನಿಯನ್ನು ಹಿಡಿದಿತ್ತು. ಹೊರಗಿನಿಂದ ಅವೆರಡನ್ನೂ ಹಿಡಿದವರು ಯಾರೂ ಇರಲಿಲ್ಲ.

"ಉಂಗುರ," ಎಂದರು ವಾದಿರಾಜ. "ಇಂಥವಕ್ಕೇ ತಾನೇ ನಾವು ಪದ್ಧತಿ ಬದಲಾಯಿಸಿದ್ದು?"

ಹಳೆಯ ಪದ್ಧತಿ ಬರಿಯ ಎಣಿಕೆಯದು. ಒಂದು ನೆನಪನ್ನು ಎಷ್ಟು ಜನ, ಎಷ್ಟು ವಸ್ತು ಹಿಡಿದಿವೆ ಎಂದು ಎಣಿಸುವುದು. ಎಣಿಕೆ ಸೊನ್ನೆಯಾದರೆ ಅಳಿಸುವುದು. ಒಂದನ್ನೊಂದು ಹಿಡಿದುಕೊಂಡ ಎರಡು ನೆನಪುಗಳ ಎಣಿಕೆ ಯಾವತ್ತೂ ಸೊನ್ನೆಯಾಗದು, ಊರೇ ಅವನ್ನು ಮರೆತರೂ ಕೂಡ. ಅಂಥ ಉಂಗುರಗಳೇ ತುಂಬಿಹೋದ ಒಂದು ವರ್ಷ ಸಸಿಮನೆಯ ನೀರಿನ ಲೆಕ್ಕ ಬರೆಯಲು ಕಣಜದಲ್ಲಿ ಎಳ್ಳಷ್ಟು ಜಾಗ ಉಳಿಯಲಿಲ್ಲ. ಕುಡಿದ ಪಾತಿಗೇ ಮತ್ತೆ ಮತ್ತೆ ನೀರು ಹೋಗಿ ಬೇರು ಕೊಳೆತವು. ಎಷ್ಟೋ ತಿಂಗಳು ಊರು ಸೊಪ್ಪಿನ ಮುಖ ನೋಡಲಿಲ್ಲ. ಅದಕ್ಕೇ ಈಗ ಎಣಿಸುವುದಿಲ್ಲ, ಬದುಕಿರುವವರಿಂದ ಹೊರಟು ಹುಡುಕುತ್ತಾರೆ.

"ಎರಡು ಹೆಣ ಹೆಗಲ ಮೇಲೆ ಕೈ ಹಾಕಿಕೊಂಡು ಕೂತಿದ್ರೆ, ನಮ್ಮ ಹಳೇ ಲೆಕ್ಕ ಅವನ್ನ ಬದುಕಿವೆ ಅಂತಿತ್ತಮ್ಮ," ಎಂದರು ವಾದಿರಾಜ.

"ಇದು ಹಾಗಲ್ಲ ಅನ್ನಿಸುತ್ತೆ ಸಾರ್."

"ಅನ್ನಿಸೋದಕ್ಕೆ ಈ ಯಂತ್ರದಲ್ಲಿ ಗುಂಡಿ ಇಲ್ಲ."

"ಒಂದು ಸಲ ತೆಗೆದು ಕೇಳಲಾ? ಯಾರದು ಅಂತ ಗೊತ್ತಾಗುತ್ತೆ."

"ಕೇಳಿದರೆ ಹಿಡಿದ ಹಾಗೇ. ನಿನಗಿಂತ ಮುಂಚೆ ಈ ಕುರ್ಚೀಲಿ ಇದ್ದ ಪುಣ್ಯಾತ್ಮ ಅಯ್ಯೋ ಪಾಪ ಅಂತ ಎಲ್ಲವನ್ನೂ ತೆಗೆದು ಕೇಳಿದ. ಎಲ್ಲ ಅವನ ದಾರಕ್ಕೇ ಜೋತು ಬಿದ್ದವು. ಅರ್ಧ ಕಣಜ ಅವನೊಬ್ಬನ ತಲೆ ಆಯ್ತು. ಬೇಡಮ್ಮ." ಆಮೇಲೆ ದನಿ ತಗ್ಗಿಸಿದರು. "ಯಾವ ಮನೇಲಿ ಹುಟ್ಟಿದ ದನಿ ಅಂತ ಮೂಲೇಲಿ ಬರೆದಿರುತ್ತೆ. ಹೋಗಿ ಹೇಳೋದಕ್ಕೆ ಅಡ್ಡಿಯಿಲ್ಲ. ಹಿಡಿಯೋದು ಅವರಿಗೆ ಬಿಟ್ಟಿದ್ದು."

ಹೀಗಾಗಿ ಮಾರನೆಯ ದಿನ ರೆಹಾನಾ ಶಂಕ್ರವ್ವನ ಬಾಗಿಲಲ್ಲಿ ನಿಂತಳು. ದಾವಣಗೆರೆಯ ಹುಡುಗಿ, ಮಾತು ಮೆದು. ಬಂದ ಕೆಲಸ ಹೇಳಲು ಬಾಯಿ ತೆರೆಯುವ ಮೊದಲೇ ತಟ್ಟೆ ಅವಳೆದುರು ಬಂತು.

"ಮೊದಲ ಕುಂಡ್ರಿ ಬಾಯಾರ. ಶೇಂಗಾ ಚಟ್ನಿ ಐತಿ. ಇಲ್ಲಿ ಶೇಂಗಾ ಬೆಳದದ್ದೇ ಹೋದ ಸುಗ್ಗಿಗೆ."

ತಿನ್ನುತ್ತ ತಿನ್ನುತ್ತ ರೆಹಾನಾ ವಿಷಯ ಹೇಳಿದಳು: ಈ ಮನೆಯ ಯಜಮಾನರ ದನಿಯನ್ನು ಯಾರೂ ಹಿಡಿದಿಲ್ಲ, ಶುಕ್ರವಾರ ಅದು ಹೋಗುತ್ತದೆ. ಶಂಕ್ರವ್ವ ಚಟ್ನಿ ಬಡಿಸುತ್ತ ಕೇಳಿದಳು. ಕೊನೆಗೆ, "ಏನೋ ತಪ್ಪಾಗೇತಿ ನಿಮ್ಮದು," ಎಂದಳು. "ನಾ ದಿನಾ ಮಾತಾಡಸ್ತೀನಿ."

"ಏನಂತ ಕರೀತೀರಮ್ಮ?"

"ಏನಂತ ಅಂದ್ರ? ಏನ್ರೀ ಅಂತ."

ರೆಹಾನಾ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟಳು. "ಯಂತ್ರಕ್ಕೆ ಅದು ಯಾರು ಅಂತ ಹೇಗೆ ಗೊತ್ತಾಗಬೇಕು? ಈ ಓಣಿಯಲ್ಲೇ ಎಷ್ಟು ಜನ ಏನ್ರೀ ಇದ್ದಾರೆ. ಹೆಸರು ಹೇಳಬೇಕು. ಒಂದೇ ಒಂದು ಸಲ ಹೇಳಿದರೂ ಸಾಕು."

"ನಾ ಗಂಡನ ಹೆಸರು ಹೇಳಾಂಗಿಲ್ಲ."

"ಈಗ ಏನಾಗುತ್ತೆ ಅಮ್ಮಾ? ಹೇಳಿದರೆ ಆಯುಸ್ಸು ಕಡಿಮೆಯಾಗುತ್ತೆ ಅಂತಿದ್ದರು, ನಮ್ಮ ಕಡೆಯೂ ಅಂತಾರೆ. ಆದರೆ ಈಗ..." ಮುಂದಿನದನ್ನು ಅವಳು ನುಂಗಿಕೊಂಡಳು.

"ಈಗ ಕಡಿಮಿ ಆಗಾಕ ಏನೂ ಉಳಿದಿಲ್ಲ. ಅದನ್ನ ಹೇಳಬೇಕಂತ ಮಾಡೀರಿ, ಹೌದಲ್ಲೊ?" ಶಂಕ್ರವ್ವ ಸಿಟ್ಟಾಗಲಿಲ್ಲ. ಸೆರಗಿನಿಂದ ಹಂಚು ಒರೆಸಿದಳು. "ಬದುಕಿದ್ದ ಗಂಡನ ಹೆಸರ ಹೇಳಬಾರದು ಅಂತ ಹೇಳಿಲ್ಲ ಇಷ್ಟು ವರ್ಷ. ಇವತ್ತ ಹೇಳಿದ್ರ, ಅವರು ಹೋದ್ರು ಅಂತ ನಾನ ಒಪ್ಪಿದಂಗಾತು. ಕಚೇರಿಯವರು ಒಪ್ಪ್ಯಾರ, ಊರು ಒಪ್ಪೇತಿ. ನಾ ಇನ್ನೂ ಒಪ್ಪಿಲ್ಲರಿ."

ರೆಹಾನಾ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಗೋಡೆಯ ಹಿಂದೆ ಗಾಳಿಯ ಯಂತ್ರ ಹೂಂ ಎನ್ನುತ್ತಿತ್ತು.

"ಹುಲಿಗೆವ್ವನ ಕಡೆ ಹೇಳಿಸಿದ್ರ ನಡಿಯಾಂಗಿಲ್ಲೇನು?" ಎಂದು ಶಂಕ್ರವ್ವನೇ ಕೇಳಿದಳು.

"ಆಕೆ ಹೇಳಿದರೆ ಆಕೆ ಮನೆಯಲ್ಲಿರೋ ಮೇಸ್ತ್ರಿ ಉಳೀತಾರೆ. ಅಲ್ಲಿ ಕೂತು ಟೀ ಕುಡಿದದ್ದು, ದಾರೀಲಿ ನಮಸ್ಕಾರ ಅಂದದ್ದು. ನಿಮ್ಮ ಮನೆಯವರು ಉಳಿಯೋದಿಲ್ಲಮ್ಮ. ಒಬ್ಬರ ಮನೆಯ ಮಾತಿಗೆ ಇನ್ನೊಬ್ಬರು ಕೈ ಹಾಕಬಾರದು ಅಂತ ಬೀಗ ಹಾಗೆ ಮಾಡಿದ್ದಾರೆ. ಅವರ ಹೆಸರು ಬರೋ ಬೇರೆ ಏನಾದರೂ ನೀವು ಹೇಳಿದ್ದು ಇದೆಯಾ? ಊರಿಗೆ ಕಳಿಸಿದ ಕಾಗದ?"

ಶಂಕ್ರವ್ವ ತಲೆ ತಗ್ಗಿಸಿದಳು. "ಅವರಕ್ಕ ದ್ಯಾಮವ್ವ ಗದಗದಾಗ ಅದಾರ. ತಾಯಿ ಸತ್ತ ಮ್ಯಾಲೆ ತಮ್ಮನ್ನ ಎತ್ತಿ ಆಡಿಸಿ ದೊಡ್ಡಾವ್ನ ಮಾಡಿದಾಕಿ. ಕಚೇರಿಯವರು ಸುದ್ದಿ ಮುಟ್ಟಿಸಿದ್ರ, ನಮ್ಮ ಶಂಕ್ರವ್ವ ಹೇಳೂ ತನಕಾ ನಾ ನಂಬೂದಿಲ್ಲ ಅಂದ್ರಂತ. ಇನ್ನೂ ಉಣ್ಣಾಕ ಕೂತಾಗ ತಮ್ಮನ ತಾಟು ಹಾಕ್ತಾರಂತ. ಕಾಗದ ಹಾಕು, ಕಾಗದ ಹಾಕು ಅಂತ ಹೇಳಿ ಕಳಸ್ತಾರ. ನಾ ಪೆಟಗಿ ಮುಂದ ಕುಂಡ್ರತೀನಿ. ಯಾರ ವಿಷಯ ಅಂತ ಅದು ಕೇಳತೈತಿ. ಎದ್ದು ಬಂದು ಬಿಡತೀನಿ."

ನೆರಳೂರಿನಲ್ಲಿ ಕೈಯಿಂದ ಬರೆಯುವ ರೂಢಿ ಎಂದೋ ತಪ್ಪಿತ್ತು. ಕಾಗದವೆಂದರೂ ದನಿಪೆಟ್ಟಿಗೆಗೆ ಹೇಳುವುದೇ. ಯಾರಿಗೆ, ಯಾರ ವಿಷಯ ಎಂದು ಅದು ಮೊದಲು ಕೇಳುತ್ತದೆ. ಅದಿಲ್ಲದೆ ಮುಂದಕ್ಕೆ ಹೋಗದು.

"ಶುಕ್ರವಾರ ಮಧ್ಯಾಹ್ನ ಎರಡನೇ ಸೈರನ್ ಆಗೋವರೆಗೆ ಸಮಯ ಇದೆ," ಎಂದು ರೆಹಾನಾ ಎದ್ದಳು. ಬಾಗಿಲಲ್ಲಿ ತಿರುಗಿ, "ನನಗೆ ಆಗಿದ್ದರೆ ನಾನೇ ಹಿಡಿದುಕೊಳ್ತಿದ್ದೆ ಅಮ್ಮಾ," ಎಂದಳು.

"ಗೊತ್ತೈತವಾ. ಇನ್ನೊಂದು ರೊಟ್ಟಿ ಕಟಗೊಂಡು ಹೋಗು."

ಶುಕ್ರವಾರದವರೆಗಿನ ಆ ಮೂರು ದಿನ ಶಂಕ್ರವ್ವನಿಗೆ ಮನೆ ದೊಡ್ಡದಾಯಿತು. ಹಾಸಿಗೆ, ಒಲೆ, ಒಂದು ಕಿಟಕಿ, ಇಷ್ಟೇ ಇದ್ದ ಮನೆ. ಆದರೂ ಒಲೆಯಿಂದ ಕಿಟಕಿಗೆ ಹೋಗುವುದರೊಳಗೆ ಸುಸ್ತು. "ಏನ್ರೀ" ಎಂದು ಬಾಯಿಗೆ ಬರುವುದು, ಅದು ಯಾರಿಗೂ ಮುಟ್ಟುವುದಿಲ್ಲ ಎಂದು ನೆನಪಾಗುವುದು, ಅರ್ಧಕ್ಕೇ ನಿಲ್ಲುವುದು. ಇಷ್ಟು ವರ್ಷ ತಾನು ಆಡಿದ್ದೆಲ್ಲ ಎಲ್ಲಿ ಹೋಗಿ ಬಿತ್ತು? ರೊಟ್ಟಿಯ ಮೇಲಿಂದ ಹಾರಿದ ನೀರಾದರೂ ಗೋಡೆಗೆ ಅಂಟುತ್ತದೆ.

ಒಂದು ಸಲ ಧೈರ್ಯ ಮಾಡಿ ಪೆಟ್ಟಿಗೆಯ ಮುಂದೆ ಕೂತಳು.

"ನಮ್ಮ ಮನಿಯವರನ್ನ ಉಳಿಸು."

"ಹೆಸರು ಹೇಳಿ."

"ನಮ್ಮ ಯಜಮಾನರು. ಗ್ವಾಡಿ ಕಟ್ಟತಿದ್ರಲ್ಲ, ಅವರು."

"ದಯವಿಟ್ಟು ಹೆಸರು ಹೇಳಿ."

"ನಿನಗೊಬ್ಬ ಗಂಡ ಇದ್ದಿದ್ರ ತಿಳೀತಿತ್ತು!"

"ಆ ಹೆಸರು ಸಿಗಲಿಲ್ಲ," ಎಂದಿತು ಪೆಟ್ಟಿಗೆ. ಅವಳಿಗೆ ನಗು ಬಂತು, ನಗುತ್ತ ನಗುತ್ತ ಅಳು ಬಂತು. ಮುಖ ತೊಳೆಯಲು ಎದ್ದಳು.

ಶುಕ್ರವಾರ ಮಧ್ಯಾಹ್ನ ಮೊದಲನೆಯ ಸೈರನ್ ಆಯಿತು. ಓಣಿಯಲ್ಲಿ ಮಕ್ಕಳನ್ನು ಒಳಗೆ ಕರೆಯುವ ಗದ್ದಲ. ಕಸಬರಿಗೆ ಆಡುವಾಗ ಬಾಗಿಲುಗಳೂ ಸರಿಯುವುದಿಲ್ಲ, ಯಾರು ಎಲ್ಲಿದ್ದಾರೋ ಅಲ್ಲೇ ಕೂರಬೇಕು. "ಶಂಕ್ರವ್ವ, ನಮ್ಮ ಮನಿಗೆ ಬಾರ, ಒಬ್ಬಾಕಿ ಏನ ಕುಂಡ್ರತಿ!" ಎಂದು ಹುಲಿಗೆವ್ವ ಕೂಗಿದಳು. ಶಂಕ್ರವ್ವ ಹೋಗಲಿಲ್ಲ. ಪೆಟ್ಟಿಗೆಯ ಮುಂದೆ ಚಾಪೆ ಹಾಸಿ ಕೂತಳು.

"ಒಂದು ಕಾಗದ ಐತಿ," ಎಂದಳು.

"ಯಾರಿಗೆ?"

"ಗದಗದ ದ್ಯಾಮವ್ವಗ."

"ಯಾರ ವಿಷಯ?"

ಎದ್ದು ಹೋಗುವ ಜಾಗ ಇದೇ. ಮಂಡಿಯ ಮೇಲೆ ಕೈ ಊರಿಯೂ ಆಗಿತ್ತು. ಆಗ ದ್ಯಾಮವ್ವ ಎಂಬ ಹೆಸರಿನ ಹಿಂದೆಯೇ ಆಕೆಯ ಮುಖ ಬಂತು. ಈಗಿನ ಮುಖವಲ್ಲ, ಮದುವೆಯ ದಿನದ್ದು. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು. ಬಾಗಿಲಿನ ಎರಡೂ ಪಕ್ಕಕ್ಕೆ ಕೈ ಚಾಚಿ ನಿಂತ ನಾದಿನಿ. ಹಿಂದೆ ಕಿಸಿಕಿಸಿ ನಗುವ ಹೆಂಗಸರು. "ನನ್ನ ತಮ್ಮನ ಹೆಸರ ಹೇಳೂ ತನಕಾ ಒಳಗ ಬಿಡಾಂಗಿಲ್ಲವಾ!" ಅವತ್ತು ಹೇಳಿದ್ದಳು. ಬರಿಯ ಹೆಸರಲ್ಲ, ಎಲ್ಲ ಮದುಮಕ್ಕಳೂ ಹೇಳುವ ಹಾಗೆ ಒಡಪು ಕಟ್ಟಿ, ಪದದೊಳಗೆ ಹೆಸರನ್ನು ಸೇರಿಸಿ. ಒಡಪಿನಲ್ಲಿ ಹೇಳಿದರೆ ದೋಷವಿಲ್ಲ. ಅದು ಗಂಡನನ್ನು ಕರೆಯುವುದಲ್ಲ, ಕೇಳಿದವರಿಗೆ ಕೊಡುವುದು. ಅವಳು ಬಾಯಿಬಿಟ್ಟು ಆ ಹೆಸರು ಹೇಳಿದ್ದು ಆ ಒಂದೇ ಸಲ, ಈ ಒಬ್ಬಳಿಗೇ.

ಅಂದಿನ ಒಡಪಿನ ಮೊದಲ ಸಾಲು ಏನು ಮಾಡಿದರೂ ನೆನಪಾಗಲಿಲ್ಲ. ಅದನ್ನು ಇಟ್ಟ ಕಣಜ ಯಾವುದೂ ಇರಲಿಲ್ಲ. ಇರಲಿ ಎಂದು ಅಲ್ಲೇ ಹೊಸದೊಂದು ಕಟ್ಟಿದಳು. ಗಂಟಲು ಸರಿ ಮಾಡಿಕೊಂಡು, ಸೆರಗು ತಲೆಗೆ ಎಳೆದುಕೊಂಡು ಹೇಳಿದಳು:

"ಹುಲ್ಲು ಹುಟ್ಟದ ನೆಲದಾಗ ಕಟ್ಟಿ ಕೊಟ್ಟಾರ ಗೂಡಾ,
ಗುರುಪಾದಪ್ಪನ ಹೆಸರ ಹೇಳತೀನಿ, ಅಕ್ಕಾ, ಬಾಗಲ ಬಿಡಾ."

"ಗುರುಪಾದಪ್ಪ," ಎಂದಿತು ಪೆಟ್ಟಿಗೆ. "ಕಾಗದ ಹೇಳಿ."

ಮತ್ತೊಬ್ಬರ ಬಾಯಲ್ಲಿ ಆ ಹೆಸರು ಕೇಳಿ ಅವಳ ಮೈ ಝುಂ ಎಂದಿತು. ಹೇಳತೊಡಗಿದಳು.

"ಅಕ್ಕಾ, ಅವತ್ತು ಮುಂಜಾನೆ ಅವರು ಎರಡು ರೊಟ್ಟಿ ತಿಂದ್ರು. ಬದನಿಕಾಯಿ ಪಲ್ಯ ಮಾಡಿದ್ದೆ. ಉಪ್ಪು ಹೆಚ್ಚಾಗಿತ್ತು, ಅಂದಿಲ್ಲ ಅವರು. ಮೊಸರು ಹಾಕು ಅಂದ್ರು ಅಷ್ಟ. ನೀವು ಕೊಟ್ಟ ಟಾವೆಲ್ಲು ಕೊರಳಾಗ ಇತ್ತು. ಹೊಸಲಿ ದಾಟೂವಾಗ ತಿರುಗಿ, ಸಂಜಿಗೆ ಬೇಗ ಬರ್ತೀನಿ, ಸಸಿಮನಿ ನೋಡಾಕ ಹೋಗೂಣು, ಜೋಳ ತೆನಿ ಹಿಡದಾವಂತ, ಅಂದ್ರು. ನಾ..."

ಎರಡನೆಯ ಸೈರನ್ ಆಯಿತು. ಪೆಟ್ಟಿಗೆಯ ದೀಪ ಆರಿತು. ಒಲೆ ಆರಿತು. ಊರು ನಿಂತಿತು.

ಕಣಜದ ಕೋಣೆಯಲ್ಲಿ ದಾರಗಳು ಹರಡುತ್ತಿದ್ದವು. ಮನೆಮನೆಯಿಂದ ಹಳದಿ ಎದ್ದು ಕವಲೊಡೆದು, ಹಳೆಯ ಹಾಡು, ಹಳೆಯ ಜಗಳ, ಬೆಕ್ಕು, ತೊಟ್ಟಿಲು ಎಲ್ಲವನ್ನೂ ಮುಟ್ಟುತ್ತ ಹೋಯಿತು. ರೆಹಾನಾ ಮೂಲೆಯನ್ನೇ ನೋಡುತ್ತಿದ್ದಳು. ಅದು ಕಪ್ಪಾಗಿಯೇ ಇತ್ತು. ಸುತ್ತಲೂ ಹಳದಿ ತುಂಬಿದಷ್ಟೂ ಆ ಕಪ್ಪು ಇನ್ನೂ ಕಪ್ಪಾಗಿ ಕಂಡಿತು.

"ಸಾರ್, ಸ್ವಲ್ಪ ತಡೆದರೆ..."

"ಸಸಿಮನೆಗೆ ನೀರು ಬಿಟ್ಟಿಲ್ಲಮ್ಮ. ಊರಿಗೆ ಊರೇ ಉಸಿರು ಹಿಡಿದು ಕೂತಿದೆ."

ಅವಳು ಕಣ್ಣು ಮುಚ್ಚಲಿಲ್ಲ. ನೋಡದೆ ಇರುವುದು ಆ ಮುದುಕಿಗೆ ಮಾಡುವ ಅವಮರ್ಯಾದೆ ಎನ್ನಿಸಿತು. ಶಂಕ್ರವ್ವನ ಬೇರಿನಿಂದ ಹುಲಿಗೆವ್ವನತ್ತ ಒಂದು ದಾರ ಹೋಯಿತು, ತವರಿನತ್ತ ಇನ್ನೊಂದು. ಆಮೇಲೆ, ಎಲ್ಲಕ್ಕಿಂತ ಕೊನೆಗೆ, ಸಣ್ಣದೊಂದು ಎಳೆ ಹೊರಟು ಮುಗಿಯದ ಕಾಗದವೊಂದನ್ನು ಮುಟ್ಟಿತು. ಕಾಗದದಿಂದ ಒಂದು ಹೆಸರಿಗೆ. ಹೆಸರಿನಿಂದ ದನಿಗೆ. ದನಿ ಬೆಳಗಿದ್ದೇ ತಡ, ಅದು ಹಿಡಿದುಕೊಂಡಿದ್ದ ಯಂತ್ರದ ದಿನಚರಿಯೂ ಬೆಳಗಿತು.

"ಯಾರೋ ಕೊನೇ ಗಳಿಗೇಲಿ ಬಾಯಿ ಬಿಟ್ಟರು ನೋಡು," ಎಂದರು ವಾದಿರಾಜ.

"ಹೌದು ಸಾರ್." ಕಸಬರಿಗೆ ಕಪ್ಪು ಜಾಗಗಳಿಗೆ ಇಳಿಯಿತು.

ಶಂಕ್ರವ್ವನಿಗೆ ಇದೊಂದೂ ಗೊತ್ತಿಲ್ಲ. ಅವಳು ಮಬ್ಬಿನಲ್ಲಿ ಚಾಪೆಯ ಮೇಲೆ ಕೂತಿದ್ದಳು. ಗಾಳಿಯ ಯಂತ್ರ ಬಿಟ್ಟರೆ ಯಾವ ಸಪ್ಪಳವೂ ಇಲ್ಲ. ಕಿಟಕಿಯಾಚೆ, ತಗ್ಗಿನ ಅಂಚಿಗೆ, ಭೂಮಿ ಅರ್ಧ ಮುಖ ತೋರಿಸಿ ನಿಂತಿತ್ತು. ಅವರು ಬೇಗ ಬರುತ್ತೇನೆಂದು ಹೇಳಿದ್ದನ್ನು ಅವಳು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ. ಹೇಳಿದ ಮೇಲೆ ಆ ಸಂಜೆ ಮುಗಿದುಹೋಯಿತು. ಇಷ್ಟು ವರ್ಷ ಅದು ಮುಗಿದಿರಲಿಲ್ಲ.

ದೀಪ ಬಂತು. ಓಣಿಯ ಬಾಗಿಲುಗಳು ಸರ್ರೆಂದವು. ಪೆಟ್ಟಿಗೆ ಎಚ್ಚರಾಯಿತು.

"ಗುಡಿಸುವುದು ಮುಗಿದಿದೆ. ಈ ಮನೆಯ ಗುರುಪಾದಪ್ಪ ಅವರ ದನಿ ಕಣಜದಲ್ಲಿ ಉಳಿದಿದೆ. ಕೇಳಿಸಲೇ?"

ಶಂಕ್ರವ್ವ ಕೈ ಅಡ್ಡ ಮಾಡಿದಳು. "ಈಗ ಬ್ಯಾಡ."

"ನಿಮ್ಮ ಕಾಗದ ಅರ್ಧಕ್ಕೆ ನಿಂತಿದೆ. ಅಳಿಸಲೇ, ಮುಂದುವರಿಸಲೇ?"

ಅಳಿಸು ಎನ್ನಬಹುದಿತ್ತು. ಹೆಸರು ಹೇಳಿಯಾಗಿತ್ತು, ದನಿ ಉಳಿದಿತ್ತು, ಕಾಗದದ ಕೆಲಸ ತೀರಿತ್ತು. ಅವಳಿಗೆ ಗದಗದ ಅಡಿಗೆಮನೆ ಕಣ್ಣಿಗೆ ಬಂತು. ಆ ಹಿರಿಯ ಹೆಂಗಸು ಎರಡು ತಾಟು ಹಾಕಿ, ಒಂದರ ಮುಂದೆ ತಾನು ಕೂತಿರುತ್ತಾಳೆ.

"ಮುಂದುವರಸು," ಎಂದಳು. "ಅಕ್ಕಾ, ನಾ ಸಂಜಿತನಕಾ ಹಾದಿ ನೋಡಿದೆ. ಅವರು ಬರಲಿಲ್ಲ. ಸೂರು ಕುಸೀತು. ಬಾಳ ಹೊತ್ತು ನರಳಲಿಲ್ಲಂತ, ಕೂಡ ಇದ್ದವರು ಹೇಳಿದ್ರು. ಮನಿಗೆ ತಂದ ಮ್ಯಾಲೆ ನಾನ ನೀರು ಬಿಟ್ಟೆ ಬಾಯಾಗ. ನಿಮ್ಮ ತಮ್ಮ ತೀರಿಕೊಂಡ್ರು, ಅಕ್ಕಾ. ಇದನ್ನ ನಾನ ಹೇಳಬೇಕಿತ್ತು, ಹೇಳಾಕ ಇಷ್ಟು ದಿನ ಹಿಡೀತು. ಇನ್ನ ಅವರ ತಾಟು ಹಾಕಬ್ಯಾಡ್ರಿ. ನೀವು ಮಾತ್ರ ಹೊತ್ತಿಗೆ ಸರಿಯಾಗಿ ಉಣ್ರಿ."

"ಇಷ್ಟೇನಾ?"

"ಇಷ್ಟ."

"ಕಳಿಸಲೇ?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಭೂಮಿಯತ್ತ ಒಂದು ಸಲ ನೋಡಿದಳು.

"ಕಳಸು," ಎಂದಳು. ಒಂದು ಉಸಿರು ಎಳೆದು ಬಿಡುವಷ್ಟರಲ್ಲಿ ಕಾಗದ ಗದಗ ಮುಟ್ಟಿತ್ತು.